ನಡುಮಟ್ಟದ ಪುಸ್ತಕದಲ್ಲೂ ಕೈಬಿಡದ ಲೇಖಕರು

ಒಬ್ಬ ಲೇಖಕರು ಇಷ್ಟ ಅಂತ ಹೇಳೋಕೆ ಅವರ ಒಂದು ಒಳ್ಳೆ ಪುಸ್ತಕ ಓದಿದ್ರೆ ಸಾಕು. ಆದ್ರೆ ಅವರ ಹೆಸರು ನೋಡಿ ಕಣ್ಮುಚ್ಕೊಂಡು ಯಾವ ಪುಸ್ತಕ ಬೇಕಾದ್ರೂ ತಗೋಬಹುದು ಅಂತ ಇನ್ನೊಬ್ಬರಿಗೆ ಹೇಳ್ಬೇಕಾದ್ರೆ ಅಷ್ಟು ಸಾಲಲ್ಲ, ಅದಕ್ಕೆ ಅವರ ಹೆಸರಾಗದ ಪುಸ್ತಕಾನೂ ಓದಿರ್ಬೇಕು, ಪ್ರಶಸ್ತಿ ಬರದೆ ಇರೋದು, ಸಿನಿಮಾ ಆಗದೆ ಇರೋದು, ಓದಲೇಬೇಕಾದ ಪುಸ್ತಕಗಳು ಅಂತ ಯಾರೂ ಲಿಸ್ಟ್ ಮಾಡುವಾಗ ನೆನಪಿಸ್ಕೊಳ್ಳದೆ ಇರೋದು. ಅತ್ಯುತ್ತಮ ಪುಸ್ತಕ ಅನ್ನೋದು ಎಷ್ಟೋ ಸಲ ಒಂದು ಅದೃಷ್ಟದ ಫಲ, ಕತೆ ತಾನಾಗೇ ಒದಗಿ ಬಂದಿರುತ್ತೆ. ಕತೆ ಅಷ್ಟಾಗಿ ಒದಗದೆ ಇದ್ದಾಗ ಲೇಖಕರು ಏನು ಮಾಡ್ತಾರೆ ಅನ್ನೋದರಲ್ಲೇ ಅವರ ನಿಜವಾದ ಕಸುಬು ಗೊತ್ತಾಗೋದು. ಇಲ್ಲಿ ಹೇಳ್ತಿರೋರನ್ನೆಲ್ಲ ನಾನು ಆ ನಡುಮಟ್ಟದ ಪುಸ್ತಕ ಹಿಡ್ಕೊಂಡೇ ತೂಗಿದ್ದೀನಿ.

ಮೊದಲು ಪೂರ್ಣಚಂದ್ರ ತೇಜಸ್ವಿ. ಕರ್ವಾಲೊ ಬಗ್ಗೆ ಹೊಸದಾಗಿ ಹೇಳೋಕೆ ಏನೂ ಉಳಿದಿಲ್ಲ, 1980ರಲ್ಲಿ ಬಂದ ಪುಸ್ತಕ, ಇವತ್ತಿಗೂ ಕನ್ನಡದಲ್ಲಿ ಏನು ಓದೋಣ ಅಂತ ಯಾರು ಕೇಳಿದ್ರೂ ಮೊದಲು ಬಾಯಿಗೆ ಬರೋದು ಅದೇ ಹೆಸರು. ಹಾರುವ ಓತಿ, ಮಂದಣ್ಣ, ಕಿವಿ ಅನ್ನೋ ನಾಯಿ, ಇವೆಲ್ಲ ಓದಿದವರ ಮನೆಯವರ ಥರ ಆಗ್ಬಿಟ್ಟಿವೆ. ನನಗೆ ಆ ಪುಸ್ತಕದಲ್ಲಿ ಇವತ್ತಿಗೂ ಆಶ್ಚರ್ಯ ಆಗೋದು ಕರ್ವಾಲೊ ಮಂದಣ್ಣನ ಮಾತನ್ನ ಎಷ್ಟು ಗಂಭೀರವಾಗಿ ತಗೋತಾರೆ ಅನ್ನೋದು, ಅಷ್ಟು ದೊಡ್ಡ ವಿಜ್ಞಾನಿ, ಊರೋರೆಲ್ಲ ಕೆಲಸಕ್ಕೆ ಬಾರದವನು ಅಂದ್ಕೊಂಡಿರೋ ಹುಡುಗನನ್ನ ಜೊತೆ ಕೆಲಸಗಾರ ಅಂತ ನೋಡ್ತಾರೆ, ಯಾಕಂದ್ರೆ ಕಾಡನ್ನ ಸರಿಯಾಗಿ ನೋಡೋ ಕಣ್ಣು ಅವನಿಗಿದೆ. ಇದನ್ನ ತೇಜಸ್ವಿ ಎಲ್ಲೂ ಭಾಷಣ ಮಾಡಿ ಹೇಳಲ್ಲ, ಕತೆ ನಡೀತಾ ನಡೀತಾ ನಮಗೇ ಹೊಳೆಯುತ್ತೆ.

ಸರಿ, ಅದು ಅತ್ಯುತ್ತಮದ ಮಾತಾಯ್ತು. ಈಗ ಮಿಸ್ಸಿಂಗ್ ಲಿಂಕ್ ತಗೊಳ್ಳಿ. ಮನುಷ್ಯನ ವಿಕಾಸದ ಬಗ್ಗೆ ಇರೋ ಪುಸ್ತಕ, ಕತೇನೂ ಅಲ್ಲ ಕಾದಂಬರೀನೂ ಅಲ್ಲ, ಅದರಲ್ಲಿರೋ ವಿಜ್ಞಾನ ಎಷ್ಟೋ ಕಡೆ ಹಳೇದಾಗಿದೆ, ಆಮೇಲೆ ಬೇರೆ ಬೇರೆ ಪಳೆಯುಳಿಕೆ ಸಿಕ್ಕಿವೆ, ಡಿಎನ್‌ಎ ಅಧ್ಯಯನದಿಂದ ಬಹಳಷ್ಟು ಬದಲಾಗಿದೆ. ಆದ್ರೂ ಓದ್ತಾ ಕೂತ್ರೆ ಕೆಳಗಿಡೋಕೆ ಆಗಲ್ಲ. ಮಾಹಿತಿ ಕೊಡೋ ಮಾಮೂಲಿ ಪುಸ್ತಕ ಉತ್ತರದಿಂದ ಶುರುವಾಗುತ್ತೆ, ಇವರು ಪ್ರಶ್ನೆಯಿಂದ ಶುರು ಮಾಡಿ ಆ ಪ್ರಶ್ನೆ ನಮ್ಮದೇ ಆಗೋವರೆಗೂ ಉತ್ತರದ ಕಡೆ ಹೋಗೋದೇ ಇಲ್ಲ. ಪರಿಸರದ ಕತೆ ಕೂಡ ಹಂಗೇ, ಒಂದು ನಾಯಿ, ಒಂದು ಹಕ್ಕಿ, ಶಿಕಾರಿಗೆ ಹೋಗೋ ನಾಲ್ಕು ಜನ, ಇಷ್ಟರಲ್ಲೇ ಅಧ್ಯಾಯ ಮುಗಿದಿರುತ್ತೆ, ನಗ್ತಾ ಓದಿರ್ತೀವಿ, ಮುಗಿಸಿದ ಮೇಲೆ ಅದೇ ಹಕ್ಕಿ ಎಲ್ಲಾದ್ರೂ ಕಂಡ್ರೆ ನಿಂತು ನೋಡೋ ಹಾಗಾಗುತ್ತೆ. ಕೆನೆತ್ ಆಂಡರ್ಸನ್ ಅವರ ಬೇಟೆ ಕತೆಗಳನ್ನ ಕಾಡಿನ ಕತೆಗಳು ಅಂತ ಕನ್ನಡಕ್ಕೆ ತಂದ್ರಲ್ಲ, ಬೆಳ್ಳಂದೂರಿನ ನರಭಕ್ಷಕ, ಜಾಲಹಳ್ಳಿಯ ಕುರ್ಕ ಎಲ್ಲ, ಅಲ್ಲಿ ಕತೆ ಬೇರೆಯವರದ್ದು ಆದ್ರೂ ದನಿ ಪೂರ್ತಿ ತೇಜಸ್ವಿಯವರದ್ದೇ. ಎಷ್ಟೋ ಹುಡುಗರು ಓದೋ ಅಭ್ಯಾಸ ಶುರು ಮಾಡಿದ್ದೇ ಆ ಪುಸ್ತಕಗಳಿಂದ, ಇದು ಸಣ್ಣ ವಿಷಯ ಅಲ್ಲ.

ಕೊರತೇನೂ ಹೇಳ್ಬೇಕು. ಜುಗಾರಿ ಕ್ರಾಸ್ ಓದೋಕೆ ಬಹಳ ರೋಚಕ, ಹೆಚ್ಚುಕಮ್ಮಿ ಒಂದೇ ದಿನದಲ್ಲಿ ನಡೆಯೋ ಕತೆ, ಸುರೇಶ ಗೌರಿ ಜೋಡಿ ನಿಜಕ್ಕೂ ಮುದ್ದು. ಆದ್ರೆ ಕಾಕತಾಳೀಯಗಳು ಒಂದರ ಮೇಲೊಂದು ಬಂದು ಬೀಳ್ತವೆ, ಎರಡನೇ ಸಲ ಓದುವಾಗ ಅದು ಕಣ್ಣಿಗೆ ಹೊಡೆಯುತ್ತೆ. ಹಂಗಂತ ಎರಡನೇ ಸಲ ಓದೋದು ಬಿಡ್ತೀವಾ ಅಂದ್ರೆ ಅದೂ ಇಲ್ಲ. ಸಣ್ಣ ಕತೆಗಳಲ್ಲಿ ಈ ತೊಂದ್ರೆ ಇಲ್ಲವೇ ಇಲ್ಲ, ಅಬಚೂರಿನ ಪೋಸ್ಟಾಫೀಸು ಸಂಕಲನದ ತಬರನ ಕತೆ ನೋಡಿ, ನಿವೃತ್ತನಾದ ಒಬ್ಬ ನೌಕರ ತನಗೆ ಬರಬೇಕಾದ ದುಡ್ಡಿಗೆ ಅಲೆಯೋದಷ್ಟೇ ಕತೆ, ಒಂದು ಸಾಲೂ ಹೆಚ್ಚಿಲ್ಲ, ಒಂದು ಸಾಲೂ ಕಮ್ಮಿ ಇಲ್ಲ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಲ್ಲಿರೋರು ಅಗಾಥಾ ಕ್ರಿಸ್ಟಿ. ತೇಜಸ್ವಿಯವರ ಮುಂದಿನ ಪುಸ್ತಕ ಹೇಗಿರುತ್ತೆ ಅಂತ ಊಹಿಸೋಕೇ ಆಗ್ತಿರ್ಲಿಲ್ಲ, ಕ್ರಿಸ್ಟಿ ಪುಸ್ತಕದಲ್ಲಿ ಏನಿರುತ್ತೆ ಅಂತ ತೆಗೆಯೋಕೆ ಮುಂಚೆನೇ ಗೊತ್ತು: ಒಂದು ಕೊಲೆ, ಒಂದಿಷ್ಟು ಜನ, ಎಲ್ಲರಿಗೂ ಒಂದೊಂದು ಗುಟ್ಟು, ಕೊನೇಲಿ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳೋದು. 66 ಪತ್ತೇದಾರಿ ಕಾದಂಬರಿ ಬರೆದಿದ್ದಾರೆ, ಮೊದಲನೇದು 1920ರಲ್ಲಿ ಬಂತು, ತೀರಿಕೊಂಡಿದ್ದು 1976ರಲ್ಲಿ. ಇಷ್ಟು ಗೊತ್ತಿದ್ದೂ ಪ್ರತಿ ಸಲ ಹೇಗೆ ಹಿಡಿದು ಕೂರಿಸ್ತಾರೆ ಅನ್ನೋದೇ ಪ್ರಶ್ನೆ.

ಇವರದ್ದೂ ಹೆಸರಾದ ಪುಸ್ತಕ ಬಿಟ್ಟು ಹಿಕರಿ ಡಿಕರಿ ಡಾಕ್ ತಗೋಳೋಣ, 1955ರದ್ದು, ಕ್ರಿಸ್ಟಿ ಅಭಿಮಾನಿಗಳು ಯಾರೂ ಇದನ್ನ ಮೊದಲ ಹತ್ತರಲ್ಲಿ ಇಡಲ್ಲ. ಕ್ರಿಸ್ಟಿಯವರ ಪತ್ತೇದಾರ ಪ್ವಾರೋನ ಸೆಕ್ರೆಟರಿ ಮಿಸ್ ಲೆಮನ್ ಇದ್ದಾಳಲ್ಲ, ಮಿಷಿನ್ ಥರ ಕೆಲಸ ಮಾಡೋಳು, ಜೀವನದಲ್ಲಿ ತಪ್ಪು ಮಾಡದವಳು, ಅವಳು ಟೈಪ್ ಮಾಡಿದ ಒಂದೇ ಪತ್ರದಲ್ಲಿ ಮೂರು ತಪ್ಪು ಇರ್ತವೆ. ಪ್ವಾರೋಗೆ ಗಾಬರಿ. ವಿಚಾರಿಸಿದ್ರೆ ಅವಳ ಅಕ್ಕ ನೋಡ್ಕೊಳ್ಳೋ ಸ್ಟೂಡೆಂಟ್ ಹಾಸ್ಟೆಲಲ್ಲಿ ವಿಚಿತ್ರ ಕಳ್ಳತನ ನಡೀತಿರುತ್ತೆ, ಕಳೆದುಹೋದ ಸಾಮಾನಿನ ಪಟ್ಟಿ ಕೇಳಿದ್ರೆ ತಲೆ ಕೆಡುತ್ತೆ, ಜೋಡಿಯಲ್ಲಿ ಒಂದೇ ಶೂ, ಸ್ಟೆತಸ್ಕೋಪ್, ಲೈಟ್ ಬಲ್ಬುಗಳು, ಹಳೇ ಪ್ಯಾಂಟು, ಅಡುಗೆ ಪುಸ್ತಕ, ಒಂದು ವಜ್ರದ ಉಂಗುರ ಕಳೆದುಹೋಗಿ ಆಮೇಲೆ ಸೂಪ್ ಬಟ್ಟಲಲ್ಲಿ ಸಿಗುತ್ತೆ, ಜೊತೆಗೆ ಯಾರೋ ಚೂರುಚೂರು ಮಾಡಿ ಹಾಕಿರೋ ಒಂದು ಬ್ಯಾಗು. ಇನ್ನೂ ಕೊಲೆ ಆಗಿಲ್ಲ, ರಕ್ತ ಇಲ್ಲ, ಬರೀ ಪಟ್ಟಿ ಅಷ್ಟೇ, ಅದಾಗಲೇ ಇದರಲ್ಲಿ ಯಾವುದು ಯಾವುದರ ಜೊತೆ ಸೇರುತ್ತೆ, ಯಾವುದು ಸೇರಲ್ಲ ಅಂತ ಲೆಕ್ಕ ಹಾಕೋಕೆ ಶುರು ಮಾಡಿರ್ತೀವಿ. ಇದೇ ಅವರ ಕಸುಬು. ಓದುಗರಿಗೆ ಭಯ ಹುಟ್ಟಿಸಿ ಹಿಡಿದಿಡೋ ಲೇಖಕರು ಬೇಕಾದಷ್ಟಿದ್ದಾರೆ, ಕ್ರಿಸ್ಟಿ ಓದುಗರ ಕೈಗೇ ಕೆಲಸ ಕೊಡ್ತಾರೆ.

ಇನ್ನೊಂದು, ಅವರು ಮೋಸ ಮಾಡಲ್ಲ. ಸುಳಿವು ಎಲ್ಲಾ ಕಣ್ಣ ಮುಂದೆನೇ ಇರುತ್ತೆ, ಯಾರೋ ಸುಮ್ನೆ ಆಡಿದ ಮಾತಲ್ಲಿ, ಟೈಮ್ ಹೇಳೋದರಲ್ಲಿ, ಒಬ್ಬರು ರೂಮಿಂದ ಹೊರಗೆ ಬಂದಿದ್ದು ಯಾವ ಬಾಗಿಲಿಂದ ಅನ್ನೋದರಲ್ಲಿ. 1926ರ ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್ ಬಂದಾಗ ಇದು ನ್ಯಾಯಾನಾ ಅಂತ ದೊಡ್ಡ ಚರ್ಚೆನೇ ಆಗಿತ್ತು, ಆದ್ರೆ ತಿರುಗಿ ಓದಿದ್ರೆ ಒಂದೊಂದು ವಾಕ್ಯವೂ ಸರಿಯಾಗೇ ಇದೆ, ಓದಿದ ನಾವೇ ಬೇರೆ ಅರ್ಥ ಮಾಡ್ಕೊಂಡಿರ್ತೀವಿ. ವಿಷದ ವಿಚಾರದಲ್ಲಂತೂ ಪಕ್ಕಾ, ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವರು, ಯಾವುದು ಎಷ್ಟು ಹೊತ್ತಿಗೆ ಏನು ಮಾಡುತ್ತೆ ಅಂತ ಗೊತ್ತಿತ್ತು, ಮೊದಲ ಕಾದಂಬರಿಯ ವಿಷದ ವಿವರ ಎಷ್ಟು ಸರಿಯಾಗಿತ್ತು ಅಂದ್ರೆ ಔಷಧಿ ಕ್ಷೇತ್ರದ ಪತ್ರಿಕೆಯೇ ಅದನ್ನ ಮೆಚ್ಚಿ ಬರೆದಿತ್ತು.

ಬೇಸರ ತರಿಸೋ ಜಾಗಾನೂ ಇವೆ. ಹಿಕರಿ ಡಿಕರಿ ಡಾಕ್‌ನಲ್ಲೇ ಬೇರೆ ದೇಶದಿಂದ ಬಂದ ವಿದ್ಯಾರ್ಥಿಗಳನ್ನ ಚಿತ್ರಿಸಿರೋ ರೀತಿ ಇವತ್ತು ಓದಿದ್ರೆ ಕಸಿವಿಸಿ ಆಗುತ್ತೆ, ಆ ಕಾಲದ ಇಂಗ್ಲಿಷ್ ಜನರ ಪೂರ್ವಗ್ರಹ ಹಂಗಂಗೇ ಇಳಿದಿದೆ. ಮತ್ತೆ 1970ರ ಮೇಲೆ ಬರೆದಿದ್ದು ಬಹಳ ಕೆಳಗಿಳಿಯುತ್ತೆ. ಪೋಸ್ಟರ್ನ್ ಆಫ್ ಫೇಟ್, 1973ರಲ್ಲಿ ಬಂದಿದ್ದು, ಅವರು ಕೊನೇದಾಗಿ ಬರೆದ ಕಾದಂಬರಿ, ಅದರಲ್ಲಿ ಪಾತ್ರಗಳು ಹೇಳಿದ್ದನ್ನೇ ಹೇಳ್ತಾ ಕೂರ್ತವೆ, ಕತೆ ಮುಂದಕ್ಕೆ ಹೋಗೋದೇ ಇಲ್ಲ. ಅದಾದಮೇಲೆ 1975ರಲ್ಲಿ ಕರ್ಟನ್ ಅನ್ನೋ ಪ್ವಾರೋನ ಕೊನೇ ಕತೆ ಬಂತು, ಅದು ಬೆಂಕಿ ಥರ ಇದೆ, ವಯಸ್ಸಾದ ಮೇಲೆ ಹೆಂಗೆ ಬರೆದ್ರಪ್ಪಾ ಅನ್ಕೋಬೇಕು, ಆದ್ರೆ ಅದನ್ನ ಎರಡನೇ ಮಹಾಯುದ್ಧದ ಹೊತ್ತಿಗೇ ಬರೆದು ಎತ್ತಿಟ್ಟಿದ್ರು. ಹಾಗಾಗಿ ಕ್ರಿಸ್ಟಿ ಹೆಸರು ನೋಡಿ ಕಣ್ಮುಚ್ಕೊಂಡು ತಗೋಬಹುದು ಅನ್ನೋ ಮಾತು 1930, 40, 50ರ ದಶಕಗಳಿಗೆ ಪೂರ್ತಿ ನಿಜ, ಆಮೇಲಿಂದಕ್ಕೆ ಅಲ್ಲ.

ಶಿವರಾಮ ಕಾರಂತರ ಬಗ್ಗೆ ಬರೆಯೋಕೆ ಹೊರಟ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ. 40ಕ್ಕೂ ಹೆಚ್ಚು ಕಾದಂಬರಿ, ಅದರ ಮೇಲೆ ಯಕ್ಷಗಾನ, ವಿಜ್ಞಾನ, ಮಕ್ಕಳಿಗೆ ವಿಶ್ವಕೋಶ, ಪ್ರವಾಸ ಕಥನ. ಇಷ್ಟು ಬರೆದವರ ಎಲ್ಲಾ ಪುಸ್ತಕ ಒಂದೇ ಮಟ್ಟದಲ್ಲಿ ಇರೋಕೆ ಸಾಧ್ಯ ಇಲ್ಲ, ಇಲ್ಲ ಕೂಡ. ಮೂಕಜ್ಜಿಯ ಕನಸುಗಳು, ಮರಳಿ ಮಣ್ಣಿಗೆ, ಚೋಮನ ದುಡಿ ಇವೆಲ್ಲ ಒಂದು ಎತ್ತರ, ಅದರ ಕೆಳಗೆ ಒಂದಷ್ಟು ಕಾದಂಬರಿಗಳಲ್ಲಿ ಪಾತ್ರಗಳು ಕಮ್ಮಿ ಉಸಿರಾಡ್ತವೆ, ಕಾರಂತರ ಅಭಿಪ್ರಾಯ ಜಾಸ್ತಿ ಕೇಳಿಸುತ್ತೆ. ಆದ್ರೆ ಒಂದು ಗುಣ ಮಾತ್ರ ಎಲ್ಲಾ ಕಡೆ ಇದೆ, ಯಾರನ್ನೂ ಮೆಚ್ಚಿಸೋಕೆ ಅಂತ ಒಂದು ಸಾಲೂ ಬರೆದಿಲ್ಲ. ಅಳಿದ ಮೇಲೆ ನನಗೆ ಬಹಳ ಹತ್ತಿರದ ಪುಸ್ತಕ. ಸತ್ತುಹೋದ ಒಬ್ಬ ಪರಿಚಿತ, ಯಶವಂತರಾಯ ಅಂತ, ಅವನು ಬಿಟ್ಟು ಹೋದ ಕಾಗದಪತ್ರ ಹಿಡ್ಕೊಂಡು ಅವನ ಬದುಕು ಹೇಗಿತ್ತು ಅಂತ ಹುಡುಕ್ಕೊಂಡು ಹೋಗೋ ಕತೆ. ಒಂದು ರೀತೀಲಿ ಇದೂ ಪತ್ತೇದಾರಿನೇ, ಒಬ್ಬ ಮನುಷ್ಯ ಬೇರೆಬೇರೆಯವರ ನೆನಪಲ್ಲಿ ಬೇರೆಬೇರೆ ಥರ ಉಳಿದಿರ್ತಾನೆ, ಅದನ್ನೆಲ್ಲ ಸೇರಿಸಿ ನೋಡೋದು. ಬೆಟ್ಟದ ಜೀವದ ಗೋಪಾಲಯ್ಯ, ಶಂಕರಮ್ಮ ಗಂಡಹೆಂಡ್ತಿ ಇದ್ದಾರಲ್ಲ, ಬಿಟ್ಟುಹೋದ ಮಗನ ನೋವನ್ನ ಇಬ್ಬರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಕೊಂಡು ಬದುಕೋದು, ಅದನ್ನ ಕಾರಂತರು ಎಷ್ಟು ಸಮಾಧಾನವಾಗಿ ಹೇಳ್ತಾರೆ ಅಂದ್ರೆ ಎಲ್ಲೂ ಅಳು ಬರಿಸೋ ಪ್ರಯತ್ನ ಇಲ್ಲ, ಆದ್ರೂ ಓದುವಾಗ ಗಂಟಲು ಕಟ್ಟುತ್ತೆ.

ಆರ್.ಕೆ. ನಾರಾಯಣ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಅವರ ವಿಷಯದಲ್ಲಿ ವಾದ ಮಾಡೋರೇ ಕಮ್ಮಿ. 1935ರ ಸ್ವಾಮಿ ಆಂಡ್ ಫ್ರೆಂಡ್ಸ್‌ನಿಂದ ಹಿಡಿದು ಮಾಲ್ಗುಡಿ ಅನ್ನೋ ಇಲ್ಲದ ಊರನ್ನ ದಶಕಗಟ್ಟಲೆ ನಡೆಸ್ಕೊಂಡು ಬಂದ್ರು. ನಡುಮಟ್ಟದ್ದು ಅಂದ್ರೆ 1976ರ ದ ಪೇಂಟರ್ ಆಫ್ ಸೈನ್ಸ್ (Signs), ಬೋರ್ಡು ಬರೆಯೋ ರಾಮನ್, ಕುಟುಂಬ ಯೋಜನೆ ಪ್ರಚಾರಕ್ಕೆ ಬರೋ ಡೈಸಿ. ಪ್ರೇಮದ ಎಳೆ ಅಷ್ಟು ಗಟ್ಟಿ ಇಲ್ಲ, ಆದ್ರೆ ಅಕ್ಷರದ ಆಕಾರ ಹಿಂಗೇ ಇರ್ಬೇಕು ಅಂತ ರಾಮನ್ ತಲೆಕೆಡಿಸ್ಕೊಳ್ಳೋ ಪುಟಗಳಿಗಾಗಿ ಇಡೀ ಪುಸ್ತಕ ಓದಬಹುದು.

ತ್ರಿವೇಣಿಯವರನ್ನ ಹೆಂಗಸರು ಓದೋ ಕಾದಂಬರಿಗಳ ಲೇಖಕಿ ಅಂತ ಪಕ್ಕಕ್ಕಿಡೋರನ್ನ ಕಂಡ್ರೆ ನಂಗೆ ನಿಜಕ್ಕೂ ಸಿಟ್ಟು ಬರುತ್ತೆ. 1953ರಲ್ಲಿ ಅಪಸ್ವರ ಬಂತು, 1963ರಲ್ಲಿ ಅವರೇ ಇಲ್ಲ, ಹತ್ತು ವರ್ಷದ ಬರವಣಿಗೆ, ಅದರಲ್ಲಿ 20ರ ಹತ್ತಿರ ಕಾದಂಬರಿ. ಸೈಕಾಲಜಿ ಓದಿದ್ದವರು, ಅದು ಕತೆಗೆ ಅಲಂಕಾರ ಆಗಿ ಬಂದಿಲ್ಲ. ಶರಪಂಜರದ ಕಾವೇರಿ ಹೆರಿಗೆ ಆದಮೇಲೆ ಮಾನಸಿಕವಾಗಿ ಕುಸೀತಾಳೆ, ಚಿಕಿತ್ಸೆ ತಗೊಂಡು ಗುಣ ಆಗಿ ಮನೆಗೆ ವಾಪಸ್ ಬರ್ತಾಳೆ, ಆಮೇಲೆ ನಡೆಯೋದೇ ನಿಜವಾದ ಕತೆ, ಅವಳು ನಕ್ರೂ ಅನುಮಾನ ಅತ್ರೂ ಅನುಮಾನ, ಕಾಯಿಲೆ ಹೋಗಿದ್ರೂ ಹುಚ್ಚಿ ಅನ್ನೋ ಹೆಸರು ಹೋಗಲ್ಲ. ಹೆರಿಗೆ ನಂತರದ ಮನಸ್ಸಿನ ಕಾಯಿಲೆ ಬಗ್ಗೆ ಇವತ್ತಿಗೂ ಜನ ಬಾಯಿಬಿಟ್ಟು ಮಾತಾಡೋಕೆ ಹಿಂಜರೀತಾರೆ, ಅವರು ಅವತ್ತೇ ಅದನ್ನ ಜನಪ್ರಿಯ ಕಾದಂಬರಿಯ ನಡುಮಧ್ಯ ಇಟ್ಟು ಸಾವಿರಾರು ಮನೆಗಳ ಒಳಗೆ ಕಳಿಸಿದ್ರು. ಸಾಧಾರಣ ಪುಸ್ತಕಗಳಲ್ಲಿ ಕತೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಅರ್ಧಕ್ಕೇ ಗೊತ್ತಾಗುತ್ತೆ, ಅದನ್ನ ಒಪ್ಕೋತೀನಿ. ಆದ್ರೆ ಅಲ್ಲೂ ಒಬ್ಬ ಹೆಣ್ಣು ಒಂದು ಮಾತನ್ನ ನುಂಗ್ಕೊಳ್ಳೋ ಗಳಿಗೆ ಬಂದಾಗ ಅದು ಎಷ್ಟು ಸರಿಯಾಗಿರುತ್ತೆ ಅಂದ್ರೆ ಪ್ಲಾಟ್ ಬಗ್ಗೆ ಇದ್ದ ದೂರೆಲ್ಲ ಮರೆತೇ ಹೋಗುತ್ತೆ.

ಭೈರಪ್ಪನವರ ವಿಷಯಕ್ಕೆ ಬಂದ್ರೆ ಓದುಗರೇ ಎರಡು ಪಾಲಾಗ್ತಾರೆ. ಆವರಣ, ಕವಲು ಬಂದಾಗ ಆದ ಜಗಳಗಳು ಎಲ್ಲರಿಗೂ ಗೊತ್ತು. ನನ್ನ ಅಭಿಪ್ರಾಯ ಏನಂದ್ರೆ, ಒಂದು ವಿಷಯ ಹಿಡಿದ್ರೆ ಅದರ ಬುಡಕ್ಕೆ ಹೋಗೋದರಲ್ಲಿ ಅವರನ್ನ ಮೀರಿಸೋರು ಕಮ್ಮಿ, ಮಂದ್ರ ಓದುವಾಗ ಸಂಗೀತದ ಗಂಧ ಇಲ್ಲದವರೂ ಒಂದು ರಾಗದ ಬಗ್ಗೆ ಪುಟಗಟ್ಟಲೆ ಓದ್ತಾ ಹೋಗ್ತಾರೆ, ಬೇಜಾರೇ ಆಗಲ್ಲ. 1979ರ ಪರ್ವದಲ್ಲಿ ಮಹಾಭಾರತದಿಂದ ಪವಾಡ ಎಲ್ಲ ತೆಗೆದುಹಾಕಿ ಬರೀ ಮನುಷ್ಯರನ್ನ ಉಳಿಸಿದ್ದಾರೆ, ಯುದ್ಧಕ್ಕೆ ಮುಂಚೆ ಒಬ್ಬೊಬ್ಬರೂ ತಮ್ಮ ಹಳೇದನ್ನ ನೆನಪಿಸ್ಕೊಳ್ತಾ ಹೋಗ್ತಾರೆ, ದಪ್ಪ ಪುಸ್ತಕ, ಆದ್ರೂ ಓಡುತ್ತೆ. ಇವರ ನಡುಮಟ್ಟದ ಪುಸ್ತಕ ಅಂತ ನಾನು ತಗೊಳ್ಳೋದು ನಾಯಿ ನೆರಳು, ಪುನರ್ಜನ್ಮದ ಮೇಲೆ ನಿಂತಿರೋ ಕತೆ, ಸತ್ತ ಮಗನೇ ಮತ್ತೆ ಹುಟ್ಟಿ ಬಂದಿದ್ದಾನೆ ಅನ್ನೋ ನಂಬಿಕೆ ಒಂದು ಮನೇನ ಏನೆಲ್ಲ ಮಾಡುತ್ತೆ ಅನ್ನೋದು. ನಂಬ್ತೀರೋ ಬಿಡ್ತೀರೋ ಅನ್ನೋದನ್ನ ಓದುಗರಿಗೇ ಬಿಟ್ಟಿದ್ದಾರೆ, ಅದಕ್ಕೇ ಆ ಪುಸ್ತಕ ಗಟ್ಟಿ. ಕೊನೆಕೊನೆಯ ಕೆಲವು ಕಾದಂಬರಿಗಳಲ್ಲಿ ಆ ಬಿಟ್ಟುಕೊಡೋದು ಕಮ್ಮಿ ಆಯ್ತು, ಎದುರು ಪಕ್ಷದ ಪಾತ್ರಗಳಿಗೆ ಸರಿಯಾದ ವಾದ ಮಾಡೋಕೆ ಅವಕಾಶಾನೇ ಸಿಗಲ್ಲ. ಹಾಗಾಗಿ ಎಲ್ಲಾ ಪುಸ್ತಕಕ್ಕೂ ಕಣ್ಮುಚ್ಕೊಂಡು ಹೂಂ ಅನ್ನಲ್ಲ, ಆದ್ರೆ ಗೃಹಭಂಗದ ನಂಜಮ್ಮನನ್ನ ಸೃಷ್ಟಿಸಿದವರ ಯಾವ ಪುಸ್ತಕಾನೂ ಓದದೆ ಪಕ್ಕಕ್ಕಿಡಲ್ಲ.

ಈಗಿನವರಲ್ಲಿ ಜಯಂತ ಕಾಯ್ಕಿಣಿ ಮತ್ತೆ ವಸುಧೇಂದ್ರ, ಇಬ್ಬರನ್ನೂ ಈ ಸಾಲಿಗೆ ಸೇರಿಸ್ತೀನಿ. ಕಾಯ್ಕಿಣಿಯವರ ಯಾವ ಕತಾಸಂಕಲನ ತೆಗೆದ್ರೂ, ತೂಫಾನ್ ಮೇಲ್ ಆಗ್ಲಿ ಅಮೃತಬಳ್ಳಿ ಕಷಾಯ ಆಗ್ಲಿ, ಬೇರೆಯವರು ಗಮನಿಸದೆ ದಾಟಿಹೋಗೋ ಜನ ಸಿಗ್ತಾರೆ, ಅವರ ಮೇಲೆ ಕನಿಕರ ತೋರಿಸದೆ ಬರೀ ಪ್ರೀತಿಯಿಂದ ಬರೀತಾರೆ, ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಕೆಲವು ಕತೆಗಳಲ್ಲಿ ಉಪಮೆ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ, ಅಷ್ಟೇ. ವಸುಧೇಂದ್ರ ಅವರು ಮೋಹನಸ್ವಾಮಿಯಿಂದ 2019ರ ತೇಜೋ ತುಂಗಭದ್ರಾಕ್ಕೆ ಹೋದ ದೂರ ನೋಡಿದ್ರೆ ಅಚ್ಚರಿ ಆಗುತ್ತೆ, ಒಂದು ಕಡೆ ಒಬ್ಬ ಸಲಿಂಗಿ ಹುಡುಗನ ಒಳಗಿನ ನೋವು, ಇನ್ನೊಂದು ಕಡೆ ಲಿಸ್ಬನ್ ಮತ್ತು ವಿಜಯನಗರದ ಇತಿಹಾಸ, ಎರಡರಲ್ಲೂ ಕತೆ ಹೇಳೋ ಹಿಡಿತ ಒಂದೇ.

ಒಳ್ಳೆ ಮೊದಲ ಪುಸ್ತಕ ಬರೆದು ಹೆಸರಾದ ಮೇಲೆ ಅದನ್ನೇ ಹೆಸರು ಬದಲಾಯಿಸಿ ಬರೆಯೋರನ್ನ, ಐದು ಭಾಗ ಸಾಕಾಗಿದ್ದ ಸರಣಿಯನ್ನ ಹದಿನೈದಕ್ಕೆ ಎಳೆಯೋರನ್ನ ನಾನು ಈ ಸಾಲಿಗೆ ತಂದಿಲ್ಲ. ಅವರ ಪುಸ್ತಕ ಓದಿ ಮುಗಿಸಬಹುದು, ಟೈಮ್ ಪಾಸ್ ಆಗುತ್ತೆ, ಆದ್ರೆ ಮುಗಿದ ವಾರಕ್ಕೆ ಪಾತ್ರಗಳ ಹೆಸರೂ ನೆನಪಿರಲ್ಲ. ಕ್ರಿಸ್ಟಿಯವರೂ ಒಂದೇ ಚೌಕಟ್ಟಲ್ಲಿ ಬರೆದ್ರಲ್ಲ ಅಂತ ಕೇಳ್ಬಹುದು. ಹೌದು, ಚೌಕಟ್ಟು ಅದೇ, ಆದ್ರೆ ಒಳಗಿನ ಹೆಣಿಗೆ ಪ್ರತಿ ಸಲ ಹೊಸದು. ನಿರೂಪಣೆಯಲ್ಲೇ ಆಟ ಆಡಿದ್ದು ಒಂದರಲ್ಲಿ, ದ್ವೀಪದಲ್ಲಿ ಸಿಕ್ಕಿಹಾಕ್ಕೊಂಡ ಹತ್ತು ಜನರಲ್ಲಿ ಒಬ್ಬೊಬ್ಬರೇ ಸಾಯ್ತಾ ಪತ್ತೇದಾರನೇ ಇಲ್ಲದ ಕತೆ ಇನ್ನೊಂದರಲ್ಲಿ, ಹದಿನಾರು ವರ್ಷ ಹಿಂದಿನ ಕೊಲೆಯನ್ನ ಬರೀ ನೆನಪುಗಳಿಂದ ಬಿಡಿಸಿದ್ದು ಮತ್ತೊಂದರಲ್ಲಿ.

ಯಾರಿಂದ ಶುರು ಮಾಡ್ಲಿ ಅಂತ ಕೇಳೋರಿಗೆ: ಕನ್ನಡ ಓದೋದು ಬಿಟ್ಟು ಬಹಳ ದಿನ ಆಗಿದ್ರೆ ತೇಜಸ್ವಿಯವರ ಪರಿಸರದ ಕತೆ ತಗೊಳ್ಳಿ, ಕರ್ವಾಲೊ ಎರಡನೇದಾಗ್ಲಿ. ಕಾರಂತರಲ್ಲಿ ನೇರ ಮೂಕಜ್ಜಿಗೆ ಹೋಗ್ಬೇಡಿ, ಬೆಟ್ಟದ ಜೀವ ಮುಗಿಸ್ಕೊಂಡು ಹೋಗಿ, ಅವರ ನಿಧಾನದ ಧಾಟಿ ಮೈಗೂಡಿರುತ್ತೆ. ತ್ರಿವೇಣಿಯವರಲ್ಲಿ ಶರಪಂಜರ, ಸಿನಿಮಾ ನೋಡಿದ್ರೂ ಪುಸ್ತಕ ಓದ್ಲೇಬೇಕು. ಭೈರಪ್ಪನವರಲ್ಲಿ ಗೃಹಭಂಗ. ಕ್ರಿಸ್ಟಿಯವರಲ್ಲಿ ರೋಜರ್ ಅಕ್ರಾಯ್ಡ್ ಓದೋಕೆ ಮುಂಚೆ ಅವರ ಬೇರೆ ಎರಡು ಮೂರು ಪುಸ್ತಕ ಓದಿರಿ, ಅವರ ರೀತಿ ಅಭ್ಯಾಸ ಆದಷ್ಟೂ ಆ ಕೊನೆಯ ಏಟು ಜೋರಾಗಿ ಬೀಳುತ್ತೆ, ಮತ್ತೆ ಅಲ್ಲಿವರೆಗೂ ಅದರ ಬಗ್ಗೆ ಯಾರು ಏನೇ ಹೇಳೋಕೆ ಬಂದ್ರೂ ಕಿವಿ ಮುಚ್ಕೊಳ್ಳಿ.